ಮಷಿನ್ ಒಳಗೇ ಇದ್ದ ಡೀಬಗ್ಗರ್: ಹುಡುಗರಿಗೆ ಮೊದಲು ಯಾವುದನ್ನು ತೋರಿಸಲಿ, 8085 ಕಿಟ್ಟೋ ಡಾಸ್ ಡೀಬಗ್ಗೋ?

ಉಣಕಲ್_ಲ್ಯಾಬ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ತಿಂಗಳು ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಒಂದಷ್ಟು ಮಕ್ಕಳನ್ನು ಮನೆಗೆ ಕರೆಯುತ್ತಿದ್ದೇನೆ. ಹಳೇ ಕಂಪ್ಯೂಟರ್ ತೋರಿಸುವ ಕಾರ್ಯಕ್ರಮ. ಬರೀ ನೋಡಿ ಹೋಗುವುದಲ್ಲ, ಕೈ ಹಾಕಬೇಕು. ಈ ಮಕ್ಕಳಿಗೆ ಪೈಥಾನ್ ಚೆನ್ನಾಗಿ ಬರುತ್ತದೆ. ಆದರೆ ರಿಜಿಸ್ಟರ್ (ಸಿಪಿಯು ಒಳಗಿನ ಪುಟ್ಟ ಮೆಮೊರಿ ಜಾಗ) ಅಂದರೆ ಪರೀಕ್ಷೆಗೆ ಬರೆಯುವ ಚಿತ್ರ, ಅಷ್ಟೇ. ಓಡುತ್ತಿರುವ ಮಷಿನ್ನನ್ನು ನಿಲ್ಲಿಸಿ ಒಳಗೆ ಏನಿದೆ ಅಂತ ನೋಡಬಹುದು ಎನ್ನುವುದೇ ಅವರಿಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಬೇಕಾದ ಸಾಮಾನು, ಅಂದರೆ ಡೀಬಗ್ಗರ್, ಮಷಿನ್ ಜೊತೆಗೇ ಬರುತ್ತಿತ್ತು. ಬೇರೆ ಏನೂ ಹಾಕಿಕೊಳ್ಳಬೇಕಿರಲಿಲ್ಲ.

ನನ್ನ ಹತ್ತಿರ ಇರುವುದು ಎರಡು. ಒಂದು ಇಂಟೆಲ್ 8085 ಪ್ರೊಸೆಸರ್ ಕಲಿಸುವ ಟ್ರೇನರ್ ಕಿಟ್, ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) ಕೀಪ್ಯಾಡು ಮತ್ತು ಆರು ಅಂಕಿಯ ಡಿಸ್‌ಪ್ಲೇ ಇರುವುದು. ಇನ್ನೊಂದು 386 ಪಿಸಿ, ಅದರಲ್ಲಿ ಡಾಸ್ 5, ಅದರ ಜೊತೆ ಬರುವ ಡೀಬಗ್ ಪ್ರೋಗ್ರಾಂ. ಯಾವುದರಿಂದ ಶುರು ಮಾಡಲಿ? ಇನ್ನೊಂದು ತೊಂದರೆ ಇದೆ. ಕಿಟ್‌ಗೆ ಕರೆಂಟ್ ಕೊಟ್ಟರೆ ಡಿಸ್‌ಪ್ಲೇಯಲ್ಲಿ ಏನೇನೋ ಗೀಟು ಉರಿಯುತ್ತವೆ. ರೀಸೆಟ್ ಒತ್ತಿದರೂ ಹಾಗೇ.

ಹಾವೇರಿ_ಹೆಕ್ಸ್

ಕಿಟ್. ಎರಡನೇ ಯೋಚನೆ ಬೇಡ.

ಕೇಶ್ವಾಪುರ_ಕೀಬೋರ್ಡ್

ನಾನು ಒಪ್ಪುವುದಿಲ್ಲ. ಕಿಟ್ ಒಂದೇ ಇದೆ, ಮಕ್ಕಳು ಎಷ್ಟು ಜನ? ಒಬ್ಬರು ಒತ್ತುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಡೀಬಗ್ ಆದರೆ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ವರ್ಚುವಲ್ ಮಷಿನ್ ಹಾಕಿ ಫ್ರೀಡಾಸ್ ಓಡಿಸಬಹುದು. ಫ್ರೀಡಾಸ್ ಜೊತೆ ಅದರದೇ ಡೀಬಗ್ ಬರುತ್ತದೆ, ಪುಕ್ಕಟೆ. 64 ಬಿಟ್ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಡೀಬಗ್ ಇರುವುದಿಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ.

ಬೆಟಗೇರಿ_ಬೋರ್ಡ್ (ಗದಗ)

ಮೊದಲು ಕಿಟ್ ಜೀವ ಉಳಿಸೋಣ, ಜಗಳ ಆಮೇಲೆ.

ಅಕ್ಕಾ, ಆ ಡಿಸ್‌ಪ್ಲೇ ಮತ್ತು ಕೀಪ್ಯಾಡನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ 8279 ಚಿಪ್. ಸಿಪಿಯು ಅದಕ್ಕೆ ಹೇಳಿಕೊಡುವ ತನಕ ಅದು ಕಸವನ್ನೇ ತೋರಿಸುತ್ತದೆ. ನಿಮಗೆ ಕಸ ಕಾಣುತ್ತಿದೆ ಎಂದರೆ ಮಾನಿಟರ್ ಪ್ರೋಗ್ರಾಂ (ಪರದೆ ಅಲ್ಲ, ಮೆಮೊರಿ ನೋಡಲು, ಬದಲಾಯಿಸಲು, ಓಡಿಸಲು ಚಿಪ್ಪಿನೊಳಗೆ ಇಟ್ಟ ಪ್ರೋಗ್ರಾಂ) ಓಡುತ್ತಲೇ ಇಲ್ಲ. ಹೀಗೆ ನೋಡಿ. ಸಿಪಿಯುವಿನ 40ನೇ ಪಿನ್ ಮತ್ತು 20ನೇ ಪಿನ್ ನಡುವೆ 5 ವೋಲ್ಟ್ ಸರಿಯಾಗಿ ಇದೆಯಾ? ಸಪ್ಲೈ ಹತ್ತಿರ ಅಳೆಯಬೇಡಿ, ಚಿಪ್ ಮೇಲೇ ಅಳೆಯಿರಿ. 37ನೇ ಪಿನ್ನಿನಲ್ಲಿ ಕ್ಲಾಕ್ ಬರುತ್ತಿದೆಯಾ? ಕ್ರಿಸ್ಟಲ್ 6.144 ಮೆಗಾಹರ್ಟ್ಸ್ ಇದ್ದರೆ ಅಲ್ಲಿ ಅದರ ಅರ್ಧ, 3.072 ಬರಬೇಕು. 3ನೇ ಪಿನ್ ರೀಸೆಟ್ ಔಟ್, ಗುಂಡಿ ಬಿಟ್ಟ ಮೇಲೆ ಕೆಳಗೆ ಇಳಿಯಬೇಕು. 30ನೇ ಪಿನ್ ಎಎಲ್ಇ (ಸಿಪಿಯು ವಿಳಾಸ ಕಳಿಸುವಾಗ ಬರುವ ಸಿಗ್ನಲ್), ಅದು ಬಡಿಯುತ್ತಿದ್ದರೆ ಸಿಪಿಯು ಏನನ್ನೋ ಓದುತ್ತಿದೆ ಅಂತ ಲೆಕ್ಕ.

ಇಷ್ಟೂ ಸರಿ ಇದ್ದರೆ ಅನುಮಾನ ಇಪ್ರಾಮ್ (ಪ್ರೋಗ್ರಾಂ ತುಂಬಿಟ್ಟ, ಯುವಿ ಬೆಳಕಿನಲ್ಲಿ ಅಳಿಸಬಹುದಾದ ಚಿಪ್) ಮೇಲೆ. 8085 ರೀಸೆಟ್ ಆದ ಮೇಲೆ ಓದಲು ಶುರು ಮಾಡುವುದು 0000 ವಿಳಾಸದಿಂದ, ಮಾನಿಟರ್ ಇರುವುದೂ ಅಲ್ಲೇ. ಆ ಚಿಪ್ಪಿನ ಕಾಲು ಕಪ್ಪಾಗಿದೆಯಾ ನೋಡಿ.

ಹೊಸೂರು_ಹುಡುಗ (ಹುಬ್ಬಳ್ಳಿ)

ಇಪ್ರಾಮ್ ಮೇಲಿನ ಸ್ಟಿಕರ್ ಬಿದ್ದು ಹೋಗಿದ್ದರೆ ಒಳಗಿನದು ಅಳಿಸಿ ಹೋಗಿರುತ್ತದಾ? ನಮ್ಮ ಲ್ಯಾಬಿನಲ್ಲಿ ಹಾಗಂತ ಹೇಳುತ್ತಿದ್ದರು.

ಬೆಟಗೇರಿ_ಬೋರ್ಡ್

ತಕ್ಷಣ ಅಲ್ಲ ತಮ್ಮಾ. ನೇರ ಬಿಸಿಲಿನಲ್ಲಿ ಇಟ್ಟರೆ ಸುಮಾರು ಒಂದು ವಾರ. ಟ್ಯೂಬ್‌ಲೈಟ್ ಬೆಳಕಿಗೆ ವರ್ಷಗಟ್ಟಲೆ ಬೇಕು. ಅಳಿಸುವ ಯುವಿ ದೀಪದ ಕೆಳಗೆ ಇಟ್ಟರೆ ಮಾತ್ರ ಹದಿನೈದು ಇಪ್ಪತ್ತು ನಿಮಿಷದಲ್ಲಿ ಖಾಲಿ. ಆದರೂ ಕಿಟಕಿ ಮುಚ್ಚಿಡುವುದೇ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು, ಚಿಪ್ ಇನ್ನೂ ಓದುತ್ತಿರುವಾಗಲೇ ಪ್ರೋಗ್ರಾಮರ್‌ನಲ್ಲಿ ಇಟ್ಟು ಕಾಪಿ ತೆಗೆದುಕೊಳ್ಳಿ. ಎಷ್ಟೋ ಕಿಟ್‌ಗಳ ಮಾನಿಟರ್ ಹೀಗೇ ಕಳೆದುಹೋಗಿದೆ. ಬೋರ್ಡ್ ಇದೆ, ಬುಕ್ ಇದೆ, ಒಳಗಿನ ಆ 2 ಕೆಬಿ ಮಾತ್ರ ಇಲ್ಲ.

ಸಪ್ತಾಪುರ_1979 (ಧಾರವಾಡ)

ಚರ್ಚೆ ಚೆನ್ನಾಗಿದೆ, ಆದರೆ ಒಂದು ತಕರಾರು. ಡಾಸ್ ಜೊತೆ ಬರುವ ಡೀಬಗ್ ಮಷಿನ್ ಒಳಗಿನದಲ್ಲ. ಅದು ಡಿಸ್ಕಿನ ಮೇಲಿನ ಒಂದು ಫೈಲ್. ಡಿಸ್ಕ್ ಹೋದರೆ ಅದೂ ಹೋಯಿತು. 1981ರ ಐಬಿಎಂ ಪಿಸಿಯ ರೋಮ್ (ಕರೆಂಟ್ ಹೋದರೂ ಉಳಿಯುವ, ಓದಲು ಮಾತ್ರ ಆಗುವ ಚಿಪ್) ಒಳಗೆ ಇದ್ದದ್ದು ಕ್ಯಾಸೆಟ್ ಬೇಸಿಕ್ ಭಾಷೆ. ಪೀಕ್, ಪೋಕ್ (ಮೆಮೊರಿ ಓದುವುದು, ಬರೆಯುವುದು) ಮಾಡಬಹುದಿತ್ತು, ನಿಜವಾದ ಮಾನಿಟರ್ ಇರಲಿಲ್ಲ.

ಒಳಗಿನದು ಅಂದರೆ ಆ್ಯಪಲ್ 2. 1977ರ ಮಷಿನ್. ಬೇಸಿಕ್‌ನಲ್ಲಿ ಕಾಲ್ ಮೈನಸ್ 151 ಅಂತ ಹೊಡೆದರೆ ನಕ್ಷತ್ರದ ಗುರುತು ಬರುತ್ತದೆ. ಅದೇ ಆ್ಯಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಬರೆದ ಮಾನಿಟರ್. 300.320 ಅಂತ ಕೊಟ್ಟರೆ ಅಷ್ಟು ಮೆಮೊರಿ ಪರದೆ ಮೇಲೆ. 300 ಎಲ್ ಅಂದರೆ ಅಲ್ಲಿಂದ ಡಿಸ್‌ಅಸೆಂಬ್ಲಿ, ಬೈಟ್‌ಗಳನ್ನು ಓದಬಹುದಾದ ಆದೇಶಗಳಾಗಿ ತೋರಿಸುವುದು. 300 ಜಿ ಅಂದರೆ ಓಡು. ಆದೇಶಗಳೆಲ್ಲ ಒಂದೊಂದು ಅಕ್ಷರ, ನೆನಪಿಡುವ ಕಷ್ಟವೇ ಇಲ್ಲ. ಅದಕ್ಕೂ ಮೊದಲು ಆ್ಯಪಲ್ 1ಕ್ಕೆ ಅವರು ಬರೆದ ಮಾನಿಟರ್ ಒಟ್ಟು 256 ಬೈಟ್. ಇವತ್ತು ನಾವಿಲ್ಲಿ ಹಾಕುವ ಒಂದು ಪೋಸ್ಟ್ ಅದಕ್ಕಿಂತ ದೊಡ್ಡದು!

ಮಾಳಮಡ್ಡಿ_ಮೇಡಂ (ಧಾರವಾಡ)

ಕಾಕಾ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. 1979ರ ಆ್ಯಪಲ್ 2 ಪ್ಲಸ್‌ನ ಆಟೋಸ್ಟಾರ್ಟ್ ರೋಮ್‌ನಲ್ಲಿ ಸ್ಟೆಪ್ (ಒಂದೊಂದೇ ಆದೇಶ ಓಡಿಸುವುದು) ಮತ್ತು ಟ್ರೇಸ್ (ಹಾಗೆ ಒಂದರ ಹಿಂದೆ ಒಂದು ತೋರಿಸುತ್ತಾ ಹೋಗುವುದು) ಎರಡನ್ನೂ ತೆಗೆದುಬಿಟ್ಟರು. ಆಪಲ್‌ಸಾಫ್ಟ್ ಬೇಸಿಕ್‌ಗೆ ಜಾಗ ಮಾಡಿದ್ದರಿಂದ ಚಿಕ್ಕ ಅಸೆಂಬ್ಲರ್ (ಅಕ್ಷರದ ಆದೇಶವನ್ನು ಮಷಿನ್ ಕೋಡ್ ಮಾಡುವ ಪ್ರೋಗ್ರಾಂ) ಕೂಡ ಹೋಯಿತು. ಅಸೆಂಬ್ಲರ್ ವಾಪಸ್ ಬಂದದ್ದು 1985ರ ಎನ್‌ಹಾನ್ಸ್ಡ್ 2ಇ ಮಷಿನ್‌ನಲ್ಲಿ. ಅಂದರೆ ಈ ಸಾಮಾನುಗಳನ್ನು ಕಿತ್ತು ಹಾಕುವ ಚಾಳಿ ಇವತ್ತಿನದಲ್ಲ.

ನಮ್ಮ ಕಡೆಯ ಮಕ್ಕಳು ಆಗ ಆ್ಯಪಲ್ ನೋಡಿದ್ದು ಕಡಿಮೆ. ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. 1984ರಲ್ಲಿ ಶುರುವಾದ ಕ್ಲಾಸ್ ಎನ್ನುವ ಶಾಲಾ ಕಂಪ್ಯೂಟರ್ ಯೋಜನೆಯಲ್ಲಿ ಬಂದವು, ನಾನೂ ಅದರ ಮೇಲೇ ಕಲಿತವಳು. ಅದರ ಬೇಸಿಕ್ ಒಳಗೇ 6502 ಪ್ರೊಸೆಸರ್‌ನ ಅಸೆಂಬ್ಲರ್ ಇತ್ತು. ಚೌಕ ಕಂಸ ಹಾಕಿ ನಡುವೆ ಅಸೆಂಬ್ಲಿ ಬರೆದರೆ ಆಯಿತು. ಮೆಮೊರಿ ನೋಡಲು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ವಿಳಾಸ ಬರೆದರೆ ಸಾಕು. ಸ್ಟೆಪ್ ಮಾಡುವ ಅನುಕೂಲ ಮಾತ್ರ ಒಳಗೆ ಇರಲಿಲ್ಲ. ಆದರೂ ಕಲಿಸಲು ಅಷ್ಟು ಒಳ್ಳೆಯ ಮಷಿನ್ ಆಮೇಲೆ ನಾನು ನೋಡಿಲ್ಲ.

ಕೇಶ್ವಾಪುರ_ಕೀಬೋರ್ಡ್

ಕಾಕಾ, ಫೈಲ್ ಅಂದ ಮಾತ್ರಕ್ಕೆ ಡೀಬಗ್ ಕಡಿಮೆಯಾಗುವುದಿಲ್ಲ. ಅದರ ಬೇರು ರೋಮ್‌ನಲ್ಲೇ ಇದೆ. ಟಿಮ್ ಪ್ಯಾಟರ್ಸನ್ 1980ರಲ್ಲಿ 86-ಡಾಸ್‌ಗೆ (ಆಮೇಲೆ ಎಂಎಸ್-ಡಾಸ್ ಆದದ್ದು) ಅದನ್ನು ಬರೆದರು. ಅದಕ್ಕೂ ಮುಂಚೆ ಅದೇ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ 8086 ಬೋರ್ಡ್‌ಗೆ ರೋಮ್ ಮಾನಿಟರ್ ಬರೆದವರೂ ಅವರೇ. ಮೆಮೊರಿ ನೋಡಲು ಡಿ, ತುಂಬಲು ಇ, ಓಡಿಸಲು ಜಿ, ರಿಜಿಸ್ಟರ್‌ಗೆ ಆರ್. ಮಾನಿಟರ್‌ನ ಸ್ವಭಾವವೇ ಅಲ್ವಾ?

ಸಪ್ತಾಪುರ_1979

ಆ ಮಾತು ಒಪ್ಪಿದೆ. ಡಿಸ್ಕ್ ಬೇಕು ಎನ್ನುವುದು ಮಾತ್ರ ಹಾಗೇ ಉಳಿಯಿತು.

ಗಿರ್ಮಿಟ್_ಪ್ರೇಮಿ

ಕಾರ್ಯಕ್ರಮದಲ್ಲಿ ಊಟದ ವ್ಯವಸ್ಥೆ ಇದೆಯಾ? ಇದ್ದರೆ ನಾನೂ ಬರುತ್ತೇನೆ, ಸೋಲ್ಡರಿಂಗ್ ಐರನ್ ನನ್ನದು.

ಉಣಕಲ್_ಲ್ಯಾಬ್

ಗಿರ್ಮಿಟ್, ಮಿರ್ಚಿ, ಚಹಾ ಇದೆ. ಐರನ್ ಖಂಡಿತ ತನ್ನಿ.

@ಬೆಟಗೇರಿ_ಬೋರ್ಡ್, ಕ್ಲಾಕ್ ಇದೆ, ರೀಸೆಟ್ ಸರಿ ಇದೆ, ಎಎಲ್ಇ ಬಡಿಯುತ್ತಿದೆ. ಇಪ್ರಾಮ್ ಕಾಲು ಪೂರ್ತಿ ಕಪ್ಪು. ತೆಗೆದು ಕಾಲುಗಳನ್ನು ಹಗುರಾಗಿ ಉಜ್ಜಿ, ಸಾಕೆಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೂರಿಸಿದೆ. ಮಾನಿಟರ್ ಬಂತು! ಕಾಪಿಯನ್ನೂ ಇವತ್ತೇ ತೆಗೆಯುತ್ತೇನೆ.

ಬೆಟಗೇರಿ_ಬೋರ್ಡ್

ಭಲೇ! ಆ ಸಾಕೆಟ್ ನಂಬಬೇಡಿ, ಬದಲಾಯಿಸಿಬಿಡಿ. 386ರ ಮದರ್‌ಬೋರ್ಡ್ ಮೇಲೆ ನೀಲಿ ಪೀಪಾಯಿ ಥರದ ಬ್ಯಾಟರಿ ಇದೆಯಾ? ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ. ಅದು ಸೋರಿ ಬೋರ್ಡಿನ ತಾಮ್ರದ ಪಟ್ಟಿಗಳನ್ನು ತಿನ್ನುತ್ತದೆ. ಸೋರಿದ್ದರೆ ಮೊದಲು ವಿನೆಗರ್, ಆಮೇಲೆ ಐಸೋಪ್ರೊಪೈಲ್, ಚೆನ್ನಾಗಿ ಒಣಗಿಸಿ.

ರಾಣೆಬೆನ್ನೂರು_ರ್ಯಾಮ್

ಬ್ಯಾಟರಿ ತೆಗೆದರೆ ಸಿಮಾಸ್ (ಸೆಟಪ್ ಮಾಹಿತಿ ಇಡುವ ಮೆಮೊರಿ) ಅಳಿಸುತ್ತದೆ, ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಮೊದಲು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಡಿಸ್ಕಿನ ಲೇಬಲ್ ಮೇಲೇ ಇರುತ್ತದೆ. ಸೆಟಪ್ ಪಾಸ್‌ವರ್ಡ್ ಕೇಳಿದರೆ ಡೀಬಗ್‌ನಲ್ಲಿ ಓ 70 2ಇ, ಆಮೇಲೆ ಓ 71 ಎಫ್‌ಎಫ್ ಹೊಡೆದು ಕ್ಯೂ ಕೊಡಿ. ಚೆಕ್‌ಸಮ್ (ಮಾಹಿತಿ ಸರಿ ಇದೆಯಾ ಅಂತ ನೋಡುವ ಮೊತ್ತ) ಕೆಡುತ್ತದೆ, ಮುಂದಿನ ಬೂಟ್‌ನಲ್ಲಿ ಬಯಾಸ್ (ಮಷಿನ್ ಶುರು ಮಾಡುವ ರೋಮ್ ಪ್ರೋಗ್ರಾಂ) ಎಲ್ಲವನ್ನೂ ಮೊದಲಿನಂತೆ ಮಾಡಿಕೊಳ್ಳುತ್ತದೆ.

ಕೇಶ್ವಾಪುರ_ಕೀಬೋರ್ಡ್

ಅದು ಸೆಟಪ್ ಪಾಸ್‌ವರ್ಡ್‌ಗೆ ಮಾತ್ರ. ಬೂಟ್‌ಗೇ ಪಾಸ್‌ವರ್ಡ್ ಇದ್ದರೆ ಡಾಸ್ ತನಕ ಹೋಗುವುದೇ ಇಲ್ಲ, ಡೀಬಗ್ ಎಲ್ಲಿಂದ ಬರಬೇಕು? ಆಗ ಜಂಪರ್ ಅಥವಾ ಬ್ಯಾಟರಿಯೇ ಗತಿ. ಇನ್ನೊಂದು, ದಯವಿಟ್ಟು ಯಾರೂ ಮಕ್ಕಳಿಗೆ ಜಿ=ಸಿ800:5 ಹೇಳಿಕೊಡಬೇಡಿ. ಅದು ಹಳೇ ಎಂಎಫ್‌ಎಂ ಹಾರ್ಡ್ ಡಿಸ್ಕ್ ಕಂಟ್ರೋಲರ್‌ನ ರೋಮ್‌ಗೆ ಹಾರಿ ಲೋ ಲೆವೆಲ್ ಫಾರ್ಮ್ಯಾಟ್ ಶುರು ಮಾಡುವ ದಾರಿ. ಎಲ್ಲಾ ಬೋರ್ಡ್‌ನಲ್ಲೂ ಅಲ್ಲಿ ಅದೇ ಇರುತ್ತದೆ ಅಂತ ಇಲ್ಲ. ಇದ್ದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ.

ಹೊಸೂರು_ಹುಡುಗ

ನನ್ನದೊಂದು ಪ್ರಶ್ನೆ. ಕಿಟ್‌ನಲ್ಲಿ ಸಿಂಗಲ್ ಸ್ಟೆಪ್ ಕೀ ಇದೆಯಲ್ಲ, ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ? ಸಿಪಿಯು ಓಡುವುದು ಯೂಸರ್ ಪ್ರೋಗ್ರಾಂನಲ್ಲಿ, ಮಾನಿಟರ್ ಮತ್ತೆ ಹಿಡಿತ ತೆಗೆದುಕೊಳ್ಳುವುದು ಹೇಗೆ? ನಮ್ಮ ಸರ್ ಹೇಳಲಿಲ್ಲ.

ಹಾವೇರಿ_ಹೆಕ್ಸ್

ಇಂಥ ಪ್ರಶ್ನೆ ಕೇಳಬೇಕು ನೋಡು. ಮೂರು ದಾರಿ ಇವೆ, ಮೂರೂ ಬೇರೆ ಬೇರೆ.

ಮೊದಲು 8085. ಅದಕ್ಕೆ ಒಂದೊಂದೇ ಇನ್‌ಸ್ಟ್ರಕ್ಷನ್‌ಗೆ ನಿಲ್ಲುವ ಸ್ವಂತ ಅನುಕೂಲ ಇಲ್ಲ. ಇಂಟೆಲ್‌ನ ಎಸ್‌ಡಿಕೆ-85 ಕಿಟ್‌ನಲ್ಲಿ 8155 ಚಿಪ್ಪಿನ ಟೈಮರ್ ಬಳಸಿಕೊಂಡರು. ಮಾನಿಟರ್ ಟೈಮರ್‌ಗೆ ಎಣಿಸಿ ಎಣಿಸಿ ಒಂದು ಸಂಖ್ಯೆ ತುಂಬಿ, ರಿಜಿಸ್ಟರ್ ಎಲ್ಲ ವಾಪಸ್ ಇಟ್ಟು, ನಿನ್ನ ಪ್ರೋಗ್ರಾಂಗೆ ಹಾರುತ್ತದೆ. ನಿನ್ನ ಒಂದು ಇನ್‌ಸ್ಟ್ರಕ್ಷನ್ ಶುರುವಾಗುವ ಹೊತ್ತಿಗೆ ಟೈಮರ್ ಮುಗಿದು 6ನೇ ಪಿನ್ ಟ್ರ್ಯಾಪ್ ಎಳೆಯುತ್ತದೆ. ಟ್ರ್ಯಾಪ್ ಅಂದರೆ ಮುಚ್ಚಲು ಆಗದ ಇಂಟರಪ್ಟ್, ಸಿಪಿಯುವಿನ ಕೆಲಸ ತಡೆದು ಬೇರೆ ಕಡೆ ಕಳಿಸುವ ಸಿಗ್ನಲ್. ಆ ಇನ್‌ಸ್ಟ್ರಕ್ಷನ್ ಮುಗಿದ ಕೂಡಲೇ ಸಿಪಿಯು 0024ಕ್ಕೆ ಬರುತ್ತದೆ, ಅಲ್ಲಿ ಮಾನಿಟರ್ ಕಾಯುತ್ತಿರುತ್ತದೆ. ರಿಜಿಸ್ಟರ್ ಎಲ್ಲ ಎತ್ತಿಟ್ಟುಕೊಂಡು ನಿನಗೆ ತೋರಿಸುತ್ತದೆ. ಕಬಡ್ಡಿಯಲ್ಲಿ ರೈಡರ್ ಗೆರೆ ದಾಟಿದ ಕೂಡಲೇ ಕಾಲು ಹಿಡಿದ ಹಾಗೆ.

ಎರಡನೆಯದು 8086. ಅದರ ಫ್ಲ್ಯಾಗ್ ರಿಜಿಸ್ಟರ್‌ನಲ್ಲೇ ಟ್ರ್ಯಾಪ್ ಫ್ಲ್ಯಾಗ್ ಇದೆ. ಅದನ್ನು 1 ಮಾಡಿದರೆ ಪ್ರತಿ ಇನ್‌ಸ್ಟ್ರಕ್ಷನ್ ಆದ ಮೇಲೂ ಇಂಟರಪ್ಟ್ 1 ಬರುತ್ತದೆ. ಡೀಬಗ್‌ನ ಟಿ ಆದೇಶ ಮಾಡುವುದು ಇಷ್ಟೇ.

ಮೂರನೆಯದು ಕಾಕಾ ಹೇಳಿದ ಆ್ಯಪಲ್ 2. 6502ರಲ್ಲಿ ಇಂಥದ್ದೇನೂ ಇಲ್ಲ. ಹಳೇ ಮಾನಿಟರ್ ನಿನ್ನ ಇನ್‌ಸ್ಟ್ರಕ್ಷನ್ನನ್ನು ಜೀರೋ ಪೇಜಿನ (ಮೆಮೊರಿಯ ಮೊದಲ 256 ಬೈಟ್) ಒಂದು ಜಾಗಕ್ಕೆ ಎತ್ತಿಕೊಂಡು ಹೋಗಿ ಅಲ್ಲಿ ಓಡಿಸುತ್ತಿತ್ತು. ಜಂಪ್, ರಿಟರ್ನ್ ಬಂದರೆ ತಾನೇ ಲೆಕ್ಕ ಹಾಕುತ್ತಿತ್ತು. ಬರೀ ಸಾಫ್ಟ್‌ವೇರ್, ಬೋರ್ಡ್ ಮೇಲೆ ಒಂದು ತಂತಿಯೂ ಹೆಚ್ಚಿಗೆ ಇಲ್ಲ. ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಹೊಸೂರು_ಹುಡುಗ

ಅಣ್ಣಾ, ಇದನ್ನು ಒಂದು ಸೆಮಿಸ್ಟರ್ ಪೂರ್ತಿ ಯಾರೂ ಹೇಳಲಿಲ್ಲ. ಹಾಗಾದರೆ ಡೀಬಗ್‌ನಲ್ಲಿ ಬ್ರೇಕ್‌ಪಾಯಿಂಟ್, ಅಂದರೆ ಪ್ರೋಗ್ರಾಂ ಬಂದು ನಿಲ್ಲುವ ಜಾಗ, ಇಡುವುದು ಹೇಗೆ? ಅದೂ ಟ್ರ್ಯಾಪ್ ಫ್ಲ್ಯಾಗಾ?

ಕೇಶ್ವಾಪುರ_ಕೀಬೋರ್ಡ್

ಅಲ್ಲ. ಜಿ ಜೊತೆ ನೀನು ಕೊಟ್ಟ ವಿಳಾಸದಲ್ಲಿ ಇದ್ದ ಬೈಟ್ ಎತ್ತಿಟ್ಟುಕೊಂಡು ಅಲ್ಲಿ ಸಿಸಿ ಬರೆಯುತ್ತದೆ. ಸಿಸಿ ಅಂದರೆ ಇಂಟರಪ್ಟ್ 3. ಪ್ರೋಗ್ರಾಂ ಅಲ್ಲಿಗೆ ಬಂದಾಗ ಡೀಬಗ್‌ಗೆ ಬೀಳುತ್ತದೆ, ಹಳೇ ಬೈಟ್ ವಾಪಸ್ ಇಡುತ್ತದೆ. ಅದಕ್ಕೇ ಬಯಾಸ್ ರೋಮ್ ಒಳಗೆ ಹೀಗೆ ಬ್ರೇಕ್‌ಪಾಯಿಂಟ್ ಇಡಲು ಆಗುವುದಿಲ್ಲ, ಬರೆಯಲು ಆಗದ ಜಾಗ ಅಲ್ವಾ. ಟಿ ಹಾಕಿ ಹೆಜ್ಜೆ ಹೆಜ್ಜೆ ಹೋಗಬಹುದು. 386ರಲ್ಲಿ ಡಿಆರ್0ಯಿಂದ ಡಿಆರ್3 ತನಕ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ರಿಜಿಸ್ಟರ್ ಬಂದವು, ಅವು ರೋಮ್‌ನಲ್ಲೂ ಕೆಲಸ ಮಾಡುತ್ತವೆ. ಆದರೆ ಡಾಸ್‌ನ ಡೀಬಗ್ ಅವನ್ನು ಮುಟ್ಟುವುದೇ ಇಲ್ಲ.

ಮಾಳಮಡ್ಡಿ_ಮೇಡಂ

ಟಿ ಬಗ್ಗೆ ಮಕ್ಕಳಿಗೆ ಮೊದಲೇ ಎಚ್ಚರಿಕೆ ಕೊಡಿ. ಇಂಟ್ 21 (ಡಾಸ್‌ನ ಸಹಾಯ ಕೇಳುವ ಇಂಟರಪ್ಟ್) ಬಂದಾಗ ಟಿ ಹೊಡೆದರೆ ಡಾಸ್ ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅಲ್ಲಿ ಪಿ ಹೊಡೆಯಬೇಕು, ಇಂಟರಪ್ಟ್ ಪೂರ್ತಿ ಮುಗಿಸಿ ಈಚೆ ಬಂದು ನಿಲ್ಲುತ್ತದೆ. ಮತ್ತೆ ಡೀಬಗ್‌ನಲ್ಲಿ ಎಲ್ಲಾ ಅಂಕಿ ಹೆಕ್ಸ್. 10 ಅಂದರೆ ಹದಿನಾರು. ಮಕ್ಕಳು ಮೊದಲ ದಿನ ಎಡವುವುದು ಇಲ್ಲೇ.

ಉಣಕಲ್_ಲ್ಯಾಬ್

ಕಿಟ್ ಮೇಲೆ ಮೊದಲ ಪ್ರೋಗ್ರಾಂ ಯಾವುದು ಕೊಡಲಿ? ಚಿಕ್ಕದಿರಬೇಕು, ಸ್ಟೆಪ್ ಮಾಡಿದರೆ ಪ್ರತಿ ಒತ್ತಿಗೂ ಏನಾದರೂ ಬದಲಾಗಬೇಕು.

ಹಾವೇರಿ_ಹೆಕ್ಸ್

ಎಸ್‌ಡಿಕೆ-85ರಲ್ಲಿ ರ್ಯಾಮ್ 2000ದಿಂದ. ನಿಮ್ಮದರಲ್ಲಿ ಬೇರೆ ಇದ್ದರೆ ವಿಳಾಸ ಬದಲಾಯಿಸಿಕೊಳ್ಳಿ. ಸಬ್‌ಸ್ಟಿಟ್ಯೂಟ್ ಮೆಮೊರಿ ಕೀ ಒತ್ತಿ, 2000 ಕೊಟ್ಟು, ನೆಕ್ಸ್ಟ್ ಒತ್ತುತ್ತಾ ಹೋಗಿ:

2000: 3ಇ 05
2002: 06 03
2004: 80
2005: 32 50 20
2008: ಸಿಎಫ್

ಎ ರಿಜಿಸ್ಟರ್‌ಗೆ 5, ಬಿ ರಿಜಿಸ್ಟರ್‌ಗೆ 3, ಕೂಡಿಸು, ಉತ್ತರವನ್ನು 2050ರಲ್ಲಿ ಇಡು, ಮಾನಿಟರ್‌ಗೆ ವಾಪಸ್. ಸ್ಟೆಪ್ ಮಾಡಿ ಎಗ್ಸಾಮ್ ರಿಜಿಸ್ಟರ್ ಒತ್ತಿ ನೋಡಿದರೆ ಎ ಮೊದಲು 05, ಆಮೇಲೆ ಬಿ 03, ಆಮೇಲೆ ಎ 08. 32 ಆದ ಮೇಲೆ 50 ಮೊದಲು, 20 ಆಮೇಲೆ ಇದೆ ನೋಡಿ. ಯಾಕೆ ತಿರುವುಮುರುವು ಅಂತ ಮಕ್ಕಳೇ ಕೇಳುವ ತನಕ ಹೇಳಬೇಡಿ.

ರಾಣೆಬೆನ್ನೂರು_ರ್ಯಾಮ್

ಕೊನೆಯ ಬೈಟ್ ಎಲ್ಲಾ ಕಿಟ್‌ನಲ್ಲೂ ಸಿಎಫ್ ಅಲ್ಲ. ಕೆಲವು ಕಡೆ ಇಎಫ್, ಅಂದರೆ ಮಾನಿಟರ್‌ಗೆ ವಾಪಸ್ ಹಾರಿಸುವ ಆರ್‌ಎಸ್‌ಟಿ 5 ಇನ್‌ಸ್ಟ್ರಕ್ಷನ್. ಕಿಟ್‌ನ ಬುಕ್ ನೋಡಿಯೇ ಹಾಕಿ.

ಸಪ್ತಾಪುರ_1979

ಎಲ್ಲರೂ ರೋಮ್, ರೋಮ್ ಅನ್ನುತ್ತಿದ್ದೀರಿ. ರ್ಯಾಮ್ ಕೆಟ್ಟರೆ ಈ ಮಾನಿಟರ್‌ಗಳ ಗತಿ ಏನು? ಆ್ಯಪಲ್ ಮಾನಿಟರ್‌ಗೆ ಜೀರೋ ಪೇಜ್ ಬೇಕು. 8085 ಮಾನಿಟರ್‌ಗೆ ಸ್ಟ್ಯಾಕ್ ಬೇಕು. ಎರಡೂ ಇರುವುದು ರ್ಯಾಮ್‌ನಲ್ಲೇ. ರೋಗ ಇರುವ ಜಾಗದಲ್ಲೇ ಡಾಕ್ಟರ್ ಮಲಗಿರುತ್ತಾನೆ.

ನಾನು ಕೆಲಸ ಮಾಡಿದ ಕಡೆ ಪಿಡಿಪಿ-11 ಮಿನಿಕಂಪ್ಯೂಟರ್ ಇತ್ತು. ಅದರ ಎಲ್‌ಎಸ್‌ಐ-11 ಮಾದರಿಯಲ್ಲಿ ಮುಂದಿನ ಸ್ವಿಚ್ ಪ್ಯಾನೆಲ್ ತೆಗೆದು ಅದರ ಕೆಲಸವನ್ನು ಸಿಪಿಯುವಿನ ಮೈಕ್ರೋಕೋಡ್‌ಗೇ (ಸಿಪಿಯು ಒಳಗೇ ಬರೆದಿಟ್ಟ ಆದೇಶಗಳಿಗೆ) ಕೊಟ್ಟರು. ಅದಕ್ಕೆ ಕನ್ಸೋಲ್ ಓಡಿಟಿ ಎನ್ನುತ್ತಾರೆ. ಮಷಿನ್ ಹಾಲ್ಟ್ ಆದರೆ ಟರ್ಮಿನಲ್ ಮೇಲೆ ಅಟ್ ಗುರುತು ಬರುತ್ತದೆ. ಆಕ್ಟಲ್‌ನಲ್ಲಿ (ಎಂಟರ ಲೆಕ್ಕದಲ್ಲಿ) ವಿಳಾಸ ಹೊಡೆದು ಓರೆ ಗೀಟು ಹಾಕಿದರೆ ಒಳಗಿನದು ಕಾಣುತ್ತದೆ, ಹೊಸದು ಬರೆದರೆ ಬದಲಾಗುತ್ತದೆ. ರ್ಯಾಮ್ ಒಂದು ಬೈಟೂ ಬೇಕಾಗಿಲ್ಲ. ಮೆಮೊರಿ ಬೋರ್ಡ್ ಪೂರ್ತಿ ಕೆಟ್ಟಿದ್ದರೂ ಮಾತಾಡುತ್ತದೆ. ನನ್ನ ಲೆಕ್ಕದಲ್ಲಿ ಒಳಗಿನ ಡೀಬಗ್ಗರ್ ಅಂದರೆ ಅದು.

ಬೆಟಗೇರಿ_ಬೋರ್ಡ್

ಕಾಕಾ, ನಮ್ಮ ರಿಪೇರಿ ಟೇಬಲ್ ಮೇಲೂ ಅಂಥದ್ದೊಂದು ಇದೆ, ಪೋಸ್ಟ್ ಕಾರ್ಡ್. ಅಂಚೆಯದಲ್ಲ, ಮಷಿನ್ ಶುರುವಾಗುವಾಗ ಮಾಡಿಕೊಳ್ಳುವ ಸ್ವಯಂ ಪರೀಕ್ಷೆ ತೋರಿಸುವ ಬೋರ್ಡ್. ಬಯಾಸ್ ಪ್ರತಿ ಹೆಜ್ಜೆಗೂ ಪೋರ್ಟ್ 80ಕ್ಕೆ ಒಂದು ಸಂಖ್ಯೆ ಬರೆಯುತ್ತದೆ. ಕಾರ್ಡ್ ಸಿಕ್ಕಿಸಿದರೆ ಎರಡು ಅಂಕಿ ಕಾಣುತ್ತವೆ. ರ್ಯಾಮ್ ಪರೀಕ್ಷೆಗೂ ಮೊದಲೇ ಶುರು. ನಿಂತ ಜಾಗದ ಸಂಖ್ಯೆ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಪರದೆ ಕಪ್ಪು, ಬೀಪ್ ಇಲ್ಲ, ಆದರೂ ಬೋರ್ಡ್ ತನ್ನ ಕಥೆ ಹೇಳುತ್ತಿರುತ್ತದೆ. ಅಕ್ಕಾ, 386ಕ್ಕೆ ಐಎಸ್ಎ ಪೋಸ್ಟ್ ಕಾರ್ಡ್ ನನ್ನ ಹತ್ತಿರ ಇದೆ, ಕಳಿಸಿಕೊಡುತ್ತೇನೆ. ಮಕ್ಕಳ ಎದುರೇ ರ್ಯಾಮ್ ತೆಗೆದು ಎಲ್ಲಿ ನಿಲ್ಲುತ್ತದೆ ತೋರಿಸಿ.

ಲಕ್ಷ್ಮೇಶ್ವರ_ಲಿನಕ್ಸ್

ಸನ್ ವರ್ಕ್‌ಸ್ಟೇಷನ್ ಯಾರೂ ಹೇಳಲೇ ಇಲ್ಲ! ಸ್ಟಾಪ್ ಮತ್ತು ಎ ಒಟ್ಟಿಗೆ ಒತ್ತಿದರೆ ಓಡುತ್ತಿರುವ ಯುನಿಕ್ಸ್ ನಿಂತು ಓಕೆ ಅಂತ ಬರುತ್ತದೆ. ಅದು ಪೂರ್ತಿ ಫೋರ್ತ್ ಭಾಷೆ, ರೋಮ್ ಒಳಗೆ. ಸ್ಕಸಿ ಬಸ್ (ಡಿಸ್ಕ್ ಮುಂತಾದವನ್ನು ಜೋಡಿಸುವ ದಾರಿ) ಮೇಲೆ ಯಾರ್ಯಾರಿದ್ದಾರೆ ಅಂತ ಕೇಳಬಹುದು, ರಿಜಿಸ್ಟರ್ ನೋಡಬಹುದು, ಅಲ್ಲೇ ಹೊಸ ಪದ (ಫೋರ್ತ್‌ನಲ್ಲಿ ಆದೇಶಕ್ಕೆ ಹೀಗೆನ್ನುತ್ತಾರೆ) ಬರೆದು ಓಡಿಸಬಹುದು. ಗೋ ಹೊಡೆದರೆ ಯುನಿಕ್ಸ್ ನಿಂತಲ್ಲಿಂದ ಮುಂದುವರಿಯುತ್ತದೆ. ಇದೇ ಓಪನ್ ಫರ್ಮ್‌ವೇರ್, 1994ರಲ್ಲಿ ಐಇಇಇ 1275 ಅಂತ ಸ್ಟ್ಯಾಂಡರ್ಡ್ ಆಯಿತು. ಆಮೇಲೆ ಪವರ್ ಮ್ಯಾಕ್‌ಗಳಲ್ಲೂ ಬಂತು.

ಅದರ ಅಪಾಯವೂ ಗೊತ್ತಿರಲಿ. ನಾನು ಮೊದಲು ಕೆಲಸ ಮಾಡಿದ ಕಚೇರಿಯಲ್ಲಿ ಸರ್ವರ್‌ಗೆ ಸೀರಿಯಲ್ ಟರ್ಮಿನಲ್ ಕಟ್ಟಿದ್ದರು. ಸಂಜೆ ಯಾರೋ ಆ ಟರ್ಮಿನಲ್ ಸ್ವಿಚ್ ಆಫ್ ಮಾಡಿದರು. ಅದು ಲೈನ್ ಮೇಲೆ ಬ್ರೇಕ್ ಸಿಗ್ನಲ್ ಆಗಿ ಹೋಯಿತು, ಸರ್ವರ್ ಓಕೆಗೆ ಬಂದು ನಿಂತಿತು. ಎಲ್ಲರ ಕೆಲಸವೂ ನಿಂತಿತು. ಟರ್ಮಿನಲ್ ಮತ್ತೆ ಹಾಕಿ ಗೋ ಹೊಡೆದದ್ದೇ ಎಲ್ಲವೂ ಶುರು, ಒಂದು ಫೈಲೂ ಹೋಗಲಿಲ್ಲ.

ಕೇಶ್ವಾಪುರ_ಕೀಬೋರ್ಡ್

ಇದೇ ಕಾರಣಕ್ಕೆ ಈಗಿನ ಮಷಿನ್‌ಗಳಲ್ಲಿ ಇದನ್ನೆಲ್ಲ ಮುಚ್ಚಿದ್ದಾರೆ. ಕೀಬೋರ್ಡ್ ಮುಟ್ಟಿದ ಯಾರು ಬೇಕಾದರೂ ಮೆಮೊರಿ ಓದಬಹುದು ಎಂದರೆ ಪಾಸ್‌ವರ್ಡ್‌ಗೆ ಬೆಲೆ ಎಲ್ಲಿ?

ಸಪ್ತಾಪುರ_1979

ಕಳ್ಳರ ಭಯಕ್ಕೆ ಮನೆಯವರನ್ನೇ ಹೊರಗಿಟ್ಟು ಬೀಗ ಹಾಕುವುದು ಸರಿ ಅಲ್ಲ. ಕೊಂಡವರ ಕೈಗೆ ಒಂದು ಕೀಲಿ ಇರಬೇಕು. ಆ್ಯಪಲ್ 2ರ 1978ರ ಕೈಪಿಡಿಯಲ್ಲಿ ಮಾನಿಟರ್‌ನ ಪೂರ್ತಿ ಸೋರ್ಸ್ ಅಚ್ಚು ಹಾಕಿದ್ದರು. ಅದನ್ನು ಓದಿಯೇ ಎಷ್ಟೋ ಜನ ಅಸೆಂಬ್ಲಿ ಕಲಿತರು.

ಲಕ್ಷ್ಮೇಶ್ವರ_ಲಿನಕ್ಸ್

ಕೀಲಿ ಪೂರ್ತಿ ಹೋಗಿಲ್ಲ ಕಾಕಾ, ಅಡಗಿದೆ. ಈಗಿನ ಪಿಸಿಗಳಲ್ಲಿ ಬಯಾಸ್ ಜಾಗಕ್ಕೆ ಬಂದ ಯುಇಎಫ್‌ಐಯ ಶೆಲ್‌ನಲ್ಲಿ ಮೆಮೊರಿ ನೋಡುವ ಆದೇಶ ಇದೆ. ಎಷ್ಟೋ ಮನೆಗಳ ರೌಟರ್ ಒಳಗೆ ಲಿನಕ್ಸ್ ಶುರು ಮಾಡಿಸುವ ಯು-ಬೂಟ್ ಎನ್ನುವ ಪ್ರೋಗ್ರಾಂ ಇದೆ. ಎಂಡಿ ಅಂದರೆ ಮೆಮೊರಿ ತೋರಿಸು, ಎಂಡಬ್ಲ್ಯೂ ಅಂದರೆ ಬರೆ, ಗೋ ಅಂದರೆ ಓಡು. ವೋಜ್ನಿಯಾಕ್ ಮಾನಿಟರ್ ಮಾಡುತ್ತಿದ್ದದ್ದೂ ಇದನ್ನೇ.

ಹೊಸೂರು_ಹುಡುಗ

ರೌಟರ್ ಒಳಗಾ? ಮನೆಯಲ್ಲಿ ಒಂದು ಹಳೇದು ಬಿದ್ದಿದೆ. ಬಿಚ್ಚಿದೆ. ನಾಲ್ಕು ತೂತು ಸಾಲಾಗಿ ಇವೆ, ಅದೇನಾ?

ಲಕ್ಷ್ಮೇಶ್ವರ_ಲಿನಕ್ಸ್

ಬಹುಶಃ ಅದೇ ಸೀರಿಯಲ್. ಯುಎಸ್‌ಬಿ ಸೀರಿಯಲ್ ಅಡಾಪ್ಟರ್ 3.3 ವೋಲ್ಟ್‌ನದ್ದೇ ಇರಬೇಕು, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಮೊದಲು ಮಲ್ಟಿಮೀಟರ್ ಹಿಡಿದು ಗ್ರೌಂಡ್ ಹುಡುಕು. ಗ್ರೌಂಡ್, ಟಿಎಕ್ಸ್ (ಕಳಿಸುವ ತಂತಿ), ಆರ್‌ಎಕ್ಸ್ (ಪಡೆಯುವ ತಂತಿ) ಮೂರೇ ಜೋಡಿಸು, ವೋಲ್ಟೇಜ್ ತಂತಿ ಬೇಡ. ಸ್ಪೀಡ್ 115200 ಇಟ್ಟು ನೋಡು. ಏನೂ ಬರದಿದ್ದರೆ ಟಿಎಕ್ಸ್, ಆರ್‌ಎಕ್ಸ್ ಅದಲುಬದಲು ಮಾಡು.

ಹೊಸೂರು_ಹುಡುಗ

ಅದಲುಬದಲು ಮಾಡಿದ ಮೇಲೆ ಬಂತು! ಯು-ಬೂಟ್ ಅಂತ ಹೆಸರು, ಕೆಳಗೆ ಸೆಕೆಂಡ್ ಎಣಿಸುತ್ತಿದೆ, ಕೀ ಒತ್ತುವುದರೊಳಗೆ ಲಿನಕ್ಸ್ ಶುರುವಾಗುತ್ತಿದೆ.

ಲಕ್ಷ್ಮೇಶ್ವರ_ಲಿನಕ್ಸ್

ಕರೆಂಟ್ ಕೊಡುವ ಮೊದಲೇ ಸ್ಪೇಸ್ ಒತ್ತುತ್ತಾ ಇರು. ಪ್ರಾಂಪ್ಟ್ ಬಂದ ಮೇಲೆ ಹೆಲ್ಪ್ ಹೊಡೆದು ಯಾವ ಆದೇಶ ಇವೆ ಓದು. ಎಂಡಿ ಎಷ್ಟು ಬೇಕಾದರೂ ಮಾಡು. ಎರೇಸ್, ಸೇವ್ಎನ್ವಿ ಎರಡೂ ಫ್ಲ್ಯಾಶ್ ಚಿಪ್ಪಿನಲ್ಲಿ ಇರುವುದನ್ನು ಅಳಿಸುವ, ಬದಲಾಯಿಸುವ ಆದೇಶ, ಅವನ್ನು ಮುಟ್ಟಬೇಡ, ಫ್ಲ್ಯಾಶ್ ಕಾಪಿ ತೆಗೆಯುವ ತನಕ.